ಶೂಟಿಂಗ್ ರೇಂಜಿಗೆ ತಿಂಗಳಲ್ಲಿ ಎರಡೇ ಸಲ: 10 ಮೀಟರ್ ಪಿಸ್ತೂಲಿನ ಕೈ ಮನೆಯಲ್ಲಿ ಉಳಿಸಿಕೊಳ್ಳುವುದು ಹೇಗೆ?

ಬದಿಯಡ್ಕದವ:
10 ಮೀಟರ್ ಏರ್ ಪಿಸ್ತೂಲ್, ಬಲಗೈ. ಮಳೆ ಹಿಡಿದ ಮೇಲೆ ರೇಂಜಿಗೆ ತಿಂಗಳಿಗೆ ಎರಡು ಸಲ ಹೋದರೆ ಹೆಚ್ಚು. 10 ಗುಂಡಿನ ಸೀರೀಸ್ 92 ಬರುತ್ತಿದ್ದದ್ದು 87ಕ್ಕೆ ಇಳಿದಿದೆ. ತಪ್ಪಿದ್ದೆಲ್ಲ ಕೆಳಗೆ ಎಡಕ್ಕೆ. ಸೈಟ್ (ಗುರಿ ಹಿಡಿಯುವ ಮೊನೆ, ಕಿಂಡಿ) ತಿರುಗಿಸಬೇಕಾ? ಮನೆಯ ಚಾವಡಿಯಲ್ಲಿ 5 ಮೀಟರ್ ಜಾಗ ಉಂಟು. ಪೆಲೆಟ್ (ಸೀಸದ ಸಣ್ಣ ಗುಂಡು) ಇಲ್ಲದೆ ಟ್ರಿಗರ್ ಒತ್ತಿದರೆ ಪಿಸ್ತೂಲು ಹಾಳಾಗುತ್ತದಾ?

ಉಪ್ಪಳ54:
ಸೈಟ್ ಮುಟ್ಟಬೇಡಿ ಮಾರಾಯ್ರೆ. ಸೈಟಿನ ದೋಷವಾದರೆ ಗುಂಪು ಇಡಿಯಾಗಿ ಸರಿಯಬೇಕು. ಒಳ್ಳೆಯವು ನಡುವಿಗೇ ಬಿದ್ದು ಕೆಟ್ಟವು ಮಾತ್ರ ಕೆಳಗೆ ಎಡಕ್ಕೆ ಹೋಗುವುದಾದರೆ, ಟ್ರಿಗರ್ ಬೆರಳಿನ ಜೊತೆ ಉಳಿದ ಬೆರಳುಗಳೂ ಹಿಂಡುತ್ತಿವೆ ಎಂದೇ ಲೆಕ್ಕ.

ಸ್ಪ್ರಿಂಗ್ ಪಿಸ್ತೂಲನ್ನು ಖಾಲಿ ಹೊಡೆಯಬಾರದು. ಪೆಲೆಟ್ ಇಲ್ಲದಿದ್ದರೆ ಪಿಸ್ಟನ್ನಿಗೆ ಎದುರು ಗಾಳಿಯ ತಡೆ ಸಿಗದೆ ಅದು ಕೊನೆಗೆ ಹೋಗಿ ಬಡಿಯುತ್ತದೆ. ಗಾಳಿ ಸಿಲಿಂಡರಿನ ಮ್ಯಾಚ್ ಪಿಸ್ತೂಲುಗಳಲ್ಲಿ ಹೆಚ್ಚಿನವಕ್ಕೆ ಡ್ರೈ ಫೈರ್ (ಗುಂಡು ಹಾರಿಸದೆ ಟ್ರಿಗರ್ ಮಾತ್ರ ಒತ್ತುವ) ವ್ಯವಸ್ಥೆಯೇ ಇರುತ್ತದೆ, ಕೈಪಿಡಿ ನೋಡಿ. ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿರಲಿ.

ಮೊದಲ 15 ಎತ್ತುವಿಕೆ (ಪಿಸ್ತೂಲು ಎತ್ತಿ ಟ್ರಿಗರ್ ಒತ್ತುವುದು) ಬಿಳಿ ಗೋಡೆಗೆ, ಗುರಿಯ ಕಾರ್ಡೇ ಬೇಡ. ಟಿಕ್ ಎನ್ನುವ ಕ್ಷಣ ಮುಂದಿನ ಸೈಟಿನ ತುದಿ ಅಲುಗುತ್ತದಾ ಎಂದಷ್ಟೇ ನೋಡಿ. ಎರಡು ಸೈಟುಗಳ ನಡುವೆ ಸುಮಾರು 320 ಮಿ.ಮೀ. ಅಂತರ. ಅಲ್ಲಿ ಕಾಲು ಮಿ.ಮೀ. ತಪ್ಪಿದರೆ ಕಾರ್ಡಿನಲ್ಲಿ ಸುಮಾರು 8 ಮಿ.ಮೀ., ಅಂದರೆ 10ರ ಅಂಚು. ಅದೇ ಸೈಟ್ ಸಾಲು ಸರಿಯಿದ್ದು ಇಡೀ ಕೈ 5 ಮಿ.ಮೀ. ತೇಲಿದರೆ ತಪ್ಪೂ 5 ಮಿ.ಮೀ. ಮಾತ್ರ. ಅದಕ್ಕೇ ಕಾರ್ಡಿನ ನಡುವಿನ ಕಪ್ಪು ವೃತ್ತ ಮಸುಕಾಗಿ ಕಂಡರೂ ಚಿಂತೆಯಿಲ್ಲ, ಸೈಟ್ ಮಸುಕಾಗಬಾರದು.

ಕುಂಬಳೆ ಪಡ್ಪು:
5 ಮೀಟರಿಗೆ ಕಾರ್ಡ್ ಬೇಕಿದ್ದರೆ: ನಿಜವಾದ ಕಪ್ಪು 59.5 ಮಿ.ಮೀ., ಅರ್ಧ ದೂರಕ್ಕೆ ಸುಮಾರು 30 ಮಿ.ಮೀ. ಮಾಡಿ. ಎತ್ತರದಲ್ಲಿ ಹಲವರು ಎಡವುತ್ತಾರೆ. ರೇಂಜಿನಲ್ಲಿ ಕಾರ್ಡಿನ ನಡು ನೆಲದಿಂದ 140 ಸೆಂ.ಮೀ. ನಿಮ್ಮ ಕಣ್ಣು 160ರಲ್ಲಿದ್ದರೆ ನೋಟದ ಗೆರೆ 5 ಮೀಟರಿನಲ್ಲಿ 150ರಲ್ಲಿ ಹಾಯುತ್ತದೆ, ಕಾರ್ಡನ್ನು ಅಲ್ಲಿಗೇ ಅಂಟಿಸಿ. 140ಕ್ಕೇ ಹಾಕಿದರೆ ಕೈ ತಗ್ಗಿ ಹೋಗುವ ಅಭ್ಯಾಸ ಬೀಳುತ್ತದೆ.

ವಾರಕ್ಕೆ ಐದು ದಿನ, ದಿನಕ್ಕೆ 40 ಎತ್ತುವಿಕೆ, ನಡುವೆ 40 ಸೆಕೆಂಡ್ ಬಿಡುವು. ಕೈಯನ್ನು ಮೇಲಿನಿಂದ ಕಾರ್ಡಿನತ್ತ ಇಳಿಸುತ್ತಾ ಬರುವಾಗಲೇ ಟ್ರಿಗರಿನ ಮೊದಲ ಹಂತ (ಗುಂಡು ಹೋಗುವ ಮೊದಲಿನ ಹಗುರ ಒತ್ತು) ತೆಗೆದುಕೊಳ್ಳಿ. ಕೈ ನಿಂತ ಮೇಲೆ 8 ಸೆಕೆಂಡಿನಲ್ಲಿ ಟ್ರಿಗರ್ ಹೋಗದಿದ್ದರೆ ಪಿಸ್ತೂಲನ್ನು ಕೆಳಗಿಳಿಸಿ. ಇಳಿಸುವುದೂ ಅಭ್ಯಾಸವೇ, ಅದನ್ನು ಯಾರೂ ಮಾಡುವುದಿಲ್ಲ.

ಬದಿಯಡ್ಕದವ:
ನೀರಿನ ಬಾಟಲಿ ಹಿಡಿದು ನಿಲ್ಲುವುದರಿಂದ ಪ್ರಯೋಜನ ಉಂಟಾ? ರೇಂಜಿನಲ್ಲಿ ಹಿಂಡುವುದನ್ನು ಪತ್ತೆ ಮಾಡುವುದು ಹೇಗೆ?

ಉಪ್ಪಳ54:
1 ಲೀಟರ್ ಬಾಟಲಿ ಹೆಚ್ಚುಕಡಿಮೆ ಪಿಸ್ತೂಲಿನಷ್ಟೇ ತೂಕ. 30 ಸೆಕೆಂಡಿನಂತೆ ನಾಲ್ಕು ಸಲ ಸಾಕು. ಎರಡು ಲೀಟರಿಗೆ ಹೋಗಿ ನಡುಗುತ್ತಾ ನಿಂತರೆ ನಡುಗುವುದನ್ನೇ ಕಲಿತ ಹಾಗೆ.

ಸ್ಪ್ರಿಂಗ್ ಪಿಸ್ತೂಲು ಅಲ್ಲದಿದ್ದರೆ, ರೇಂಜಿನಲ್ಲಿ ಇನ್ನೊಬ್ಬರು ಕೆಲವು ಸಲ ಪೆಲೆಟ್ ಹಾಕಿ, ಕೆಲವು ಸಲ ಹಾಕದೆ ನಿಮಗೆ ಕೊಡಲಿ. ಖಾಲಿ ಬಂದಾಗ ಪಿಸ್ತೂಲಿನ ಮೂತಿ ಕುಸಿದರೆ ಕಳ್ಳ ಸಿಕ್ಕಿಬಿದ್ದ. ಟ್ರಿಗರ್ ತೂಕವನ್ನೂ ಅಳೆಯಿರಿ: 500 ಗ್ರಾಮಿನ ತೂಕವನ್ನು ಟ್ರಿಗರಿಗೆ ನೇತುಹಾಕಿ ಎತ್ತಿದಾಗ ಟ್ರಿಗರ್ ಬಿಟ್ಟುಕೊಳ್ಳಬಾರದು.

ಕುಂಬಳೆ ಪಡ್ಪು:
ಮಳೆಗಾಲದಲ್ಲಿ ಕೈಪಂಪಿನಿಂದ ಸಿಲಿಂಡರ್ ತುಂಬುವವರು ತೇವ ಹೀರುವ ಫಿಲ್ಟರ್ ಹಾಕದಿದ್ದರೆ ನೀರು ಒಳಗೇ ಹೋಗುತ್ತದೆ. ಸಿಲಿಂಡರಿನ ಮೇಲಿನ ತಯಾರಿ ತಾರೀಕಿಗೆ 10 ವರ್ಷ ದಾಟಿದೆಯಾ ನೋಡಿ, ದಾಟಿದ್ದರೆ ತುಂಬಬೇಡಿ.