ಮನೆಯಲ್ಲೇ ಚಾಕಲೇಟ್ ಫಾಂಡ್ಯೂ: ಹನ್ನೆರಡು ಮಕ್ಕಳು, ಒಂದು ಬಟ್ಟಲು, ಒಬ್ಬರು ಅತ್ತೆ

ಕೇಳಿದವರು: ಕುವೆಂಪುನಗರ, ಮೈಸೂರು

ಮುಂದಿನ ಭಾನುವಾರ ಮಗಳಿಗೆ ಒಂಬತ್ತು ತುಂಬುತ್ತದೆ. ಕೇಕ್ ಬೇಡವಂತೆ, ಚಾಕಲೇಟ್ ಫಾಂಡ್ಯೂ ಬೇಕಂತೆ. ಯಾವುದೋ ವೀಡಿಯೋದಲ್ಲಿ ನೋಡಿದ್ದಾಳೆ. ನಡುವೆ ಕರಗಿದ ಚಾಕಲೇಟು, ಸುತ್ತ ಹಣ್ಣು, ಬಿಸ್ಕತ್ತು. ಎಲ್ಲರೂ ಕಡ್ಡಿಗೆ ಚುಚ್ಚಿ, ಅದ್ದಿ, ತಿನ್ನುವುದು. ಬರುವವರು ಹನ್ನೆರಡು ಮಕ್ಕಳು. ನನ್ನ ಹತ್ತಿರ ಫಾಂಡ್ಯೂ ಪಾತ್ರೆ ಇಲ್ಲ. ಒಂದು ದಿನಕ್ಕೋಸ್ಕರ ಕೊಳ್ಳುವ ಮನಸ್ಸೂ ಇಲ್ಲ.

ಮೊನ್ನೆ ಒಂದು ಸಲ ಮಾಡಿ ನೋಡೋಣ ಅಂತ 200 ಗ್ರಾಂ ಚಾಕಲೇಟನ್ನು ಬಿಸಿ ನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿದೆ. ಚೆನ್ನಾಗಿಯೇ ಕರಗಿತು. ಸ್ವಲ್ಪ ಗಟ್ಟಿ ಅನ್ನಿಸಿ ಎರಡು ಟೀ ಚಮಚ ಹಾಲು ಹಾಕಿದೆ, ಅಷ್ಟೇ. ಮರಳು ಮರಳಾಗಿ ಮುದ್ದೆ ಕಟ್ಟಿಕೊಂಡಿತು. ಎಸೆದೆ.

ಇನ್ನೊಂದು ತೊಂದರೆ ನಮ್ಮ ಅತ್ತೆಯವರದು. "ಒಂದೇ ಪಾತ್ರೆಗೆ ಎಲ್ಲರೂ ಅದ್ದಿ ಅದ್ದಿ ತಿನ್ನೋದಾ? ಎಂಜಲಲ್ವೇನಮ್ಮ?" ಅಂದರು. ಅವರು ಹೇಳಿದ್ದು ತಪ್ಪು ಅನ್ನೋಕೂ ಆಗಲಿಲ್ಲ. ಮಾಡಿ ಅನುಭವ ಇರುವವರು ಹೇಳಿ.

ಮಂಡ್ಯದಿಂದ, ಮನೆಯಲ್ಲೇ ಕೇಕ್ ಮಾಡಿ ಕೊಡುವವಳು

ಎಸೆದುಬಿಟ್ಟಿರಾ? ಅಯ್ಯೋ! ಅದು ಕೆಟ್ಟಿರಲಿಲ್ಲ. ಇನ್ನೂ ನಾಲ್ಕೈದು ದೊಡ್ಡ ಚಮಚ ಬಿಸಿ ಹಾಲನ್ನು ಒಂದೊಂದೇ ಚಮಚ ಹಾಕಿ ತಿರುವಿದ್ದರೆ ಸರಿಹೋಗುತ್ತಿತ್ತು.

ಕೇಳಿದರೆ ವಿಚಿತ್ರ ಅನ್ನಿಸುತ್ತದೆ. ಹಾಲು ಹಾಕಿದ್ದಕ್ಕೇ ಕೆಟ್ಟಿತು, ಇನ್ನೂ ಹಾಲು ಹಾಕು ಅಂತಾಳಲ್ಲ ಅಂತ. ವಿಷಯ ಏನೆಂದರೆ ಚಾಕಲೇಟಿನಲ್ಲಿ ನೀರಿನ ಅಂಶ ಇಲ್ಲವೇ ಇಲ್ಲ ಅನ್ನಬಹುದು. ಇರುವುದು ಕೋಕೋ ಬೆಣ್ಣೆ, ಅದರೊಳಗೆ ಸಕ್ಕರೆ ಮತ್ತು ಕೋಕೋದ ಸಣ್ಣ ಪುಡಿ. ಒಂದೆರಡು ಚಮಚ ನೀರು ಬಿದ್ದರೆ ಆ ಪುಡಿಗೆ ಪಸೆ ತಗುಲಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ರಾಗಿ ಹಿಟ್ಟಿಗೆ ಸ್ವಲ್ಪವೇ ನೀರು ಚಿಮುಕಿಸಿದರೆ ಗಂಟು ಕಟ್ಟಲ್ವಾ, ಹಾಗೆ. ನೀರು ಜಾಸ್ತಿಯಾದರೆ ಸಕ್ಕರೆ ಅದರಲ್ಲಿ ಕರಗಿ ಮತ್ತೆ ನುಣ್ಣಗಾಗುತ್ತದೆ. ಆದ್ದರಿಂದ ಒಂದು ಹನಿಯೂ ಬೀಳಬಾರದು, ಇಲ್ಲವೇ ಧಾರಾಳವಾಗಿ ಬೀಳಬೇಕು. 100 ಗ್ರಾಂ ಚಾಕಲೇಟಿಗೆ ಎರಡು ದೊಡ್ಡ ಚಮಚಕ್ಕಿಂತ ಕಡಿಮೆ ಹಾಲೋ ಕ್ರೀಮೋ ಹಾಕುವ ಗೋಜಿಗೇ ಹೋಗಬೇಡಿ.

ನಾನು ಫಾಂಡ್ಯೂಗೆ ಬಿಸಿ ನೀರಿನ ಮೇಲೆ ಕರಗಿಸುವ ರಗಳೆಯನ್ನೇ ಬಿಟ್ಟಿದ್ದೇನೆ. ಹನ್ನೆರಡು ಮಕ್ಕಳಿಗೆ 400 ಗ್ರಾಂ ಚಾಕಲೇಟು, 250 ಎಂಎಲ್ ಫ್ರೆಶ್ ಕ್ರೀಮ್ ಸಾಕು. ಚಾಕಲೇಟನ್ನು ಒಣಗಿದ ಮಣೆಯ ಮೇಲೆ ಸಣ್ಣಗೆ ಹೆಚ್ಚಿ ದಪ್ಪ ತಳದ ಬಟ್ಟಲಿಗೆ ಹಾಕಿ. ಸಣ್ಣಗೆ ಅಂದರೆ ಬೆಲ್ಲ ಕುಟ್ಟಿದ ಹಾಗೆ, ಉಂಡೆ ಉಂಡೆ ಇರಬಾರದು. ಕ್ರೀಮನ್ನು ಬೇರೆ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿಡಿ. ಅಂಚಿನಲ್ಲಿ ಸಣ್ಣ ಗುಳ್ಳೆ ಬಂದ ತಕ್ಷಣ ಇಳಿಸಿ, ಉಕ್ಕಿಸಬೇಡಿ. ಚಾಕಲೇಟಿನ ಮೇಲೆ ಸುರಿದು ಎರಡು ಮೂರು ನಿಮಿಷ ಮುಟ್ಟದೆ ಬಿಡಿ. ಕೈ ತುರಿಸುತ್ತದೆ, ಆದರೂ ಬಿಡಿ. ಆಮೇಲೆ ನಡುವಿನಿಂದ ನಿಧಾನಕ್ಕೆ ತಿರುವಿ. ಮೊದಲು ಹಾಲು ಒಡೆದ ಹಾಗೆ ಕಾಣುತ್ತದೆ, ಗಾಬರಿಯಾಗಬೇಡಿ, ತಿರುವುತ್ತಾ ಹೋದರೆ ಹೊಳಪು ಬರುತ್ತದೆ. ಒಂದು ಚಮಚ ಬೆಣ್ಣೆ, ಚಿಟಿಕೆ ಉಪ್ಪು ಹಾಕಿ. ಉಪ್ಪು ಮಾತ್ರ ಮರೆಯಬೇಡಿ.

ಡಾರ್ಕ್ ಚಾಕಲೇಟಿಗೆ ಈ ಲೆಕ್ಕ. ಬರೀ ಮಿಲ್ಕ್ ಚಾಕಲೇಟ್ ಆದರೆ ಕ್ರೀಮ್ 200 ಎಂಎಲ್‌ಗೆ ಇಳಿಸಿ, ಇಲ್ಲದಿದ್ದರೆ ತಿಳಿಸಾರು. ಮಕ್ಕಳಿಗೆ ಅರ್ಧ ಅದು, ಅರ್ಧ ಇದು ಹಾಕಿದರೆ ಕಹಿಯೂ ಇರಲ್ಲ, ಸಿಹಿ ಗಂಟಲಿಗೂ ಕಟ್ಟಲ್ಲ. ಗೋಡಂಬಿ, ದ್ರಾಕ್ಷಿ ಇರುವ ಬಾರ್ ಬೇಡ.

ನನ್ನದೂ ಒಂದು ಎಡವಟ್ಟು ಹೇಳುತ್ತೇನೆ. ಒಬ್ಬರ ಮನೆ ಕಾರ್ಯಕ್ರಮಕ್ಕೆ ಬರೀ ಚಾಕಲೇಟನ್ನು ಕರಗಿಸಿ, ಆರದಿರಲಿ ಅಂತ ಬಿಸಿ ನೀರಿನ ಪಾತ್ರೆಯಲ್ಲೇ ಕೂರಿಸಿ, ಮೇಲೆ ಸ್ಟೀಲ್ ಮುಚ್ಚಳ ಮುಚ್ಚಿ ತೆಗೆದುಕೊಂಡು ಹೋಗಿದ್ದೆ. ಬಿಸಿ ಆವಿ ಮುಚ್ಚಳಕ್ಕೆ ಹಿಡಿದು ಹನಿ ಹನಿಯಾಗಿ ಒಳಗೇ ಬಿದ್ದಿತ್ತು. ಎಲ್ಲರ ಎದುರು ಮುಚ್ಚಳ ತೆಗೆದರೆ ಒಳಗೆ ಕಪ್ಪು ಮುದ್ದೆ. ಮಂಡ್ಯದಲ್ಲಿ ಮುದ್ದೆಗೆ ಬೆಲೆ ಇದೆ, ಆದರೆ ಆ ಮುದ್ದೆಗೆ ಇರಲಿಲ್ಲ.

ಕೇಳಿದವರು

ಅಬ್ಬಾ, ಥ್ಯಾಂಕ್ಸ್ ಅಕ್ಕ. ಅಂಗಡಿಯಲ್ಲಿ ಕಾಂಪೌಂಡ್ ಕೊಡಲಾ ಅಂತ ಕೇಳುತ್ತಾರಲ್ಲ, ಅದು ಆಗುತ್ತಾ? ಬಿಸಿ ಆರದಿರಲು ಬಟ್ಟಲಿನ ಕೆಳಗೆ ಹಣತೆ ಇಡಬಹುದಾ?

ಪುತ್ತೂರಿನವಳು, ಈಗ ವಿಜಯನಗರ, ಮೈಸೂರು

ಕಾಂಪೌಂಡ್ ಅಂದರೆ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಹಾಕಿ ಮಾಡಿದ್ದು. ಅಗ್ಗ, ಕೆಲಸಕ್ಕೆ ಸುಲಭ. ಫಾಂಡ್ಯೂಗೆ ಖಂಡಿತ ಆಗುತ್ತದೆ, ಮಕ್ಕಳಿಗೆ ಗೊತ್ತೂ ಆಗಲ್ಲ. ನನಗೆ ಮಾತ್ರ ಅಂಗುಳಕ್ಕೆ ಮೇಣ ಹತ್ತಿದ ಹಾಗೆ ಅನ್ನಿಸುತ್ತದೆ. ಕೋಕೋ ಬೆಣ್ಣೆ ನಮ್ಮ ಮೈ ಬಿಸಿಗಿಂತ ಸ್ವಲ್ಪ ಕಡಿಮೆ ಬಿಸಿಗೇ ಕರಗುತ್ತದೆ, ಅದಕ್ಕೇ ಒಳ್ಳೆ ಚಾಕಲೇಟು ಬಾಯಿಗಿಟ್ಟರೆ ನೀರಾಗುವುದು. ಕೊಳ್ಳುವಾಗ ಹಿಂದೆ ಬರೆದಿರುವುದನ್ನು ಓದಿ. ಕೋಕೋ ಬಟರ್ ಇದೆಯಾ, ವೆಜಿಟೇಬಲ್ ಫ್ಯಾಟ್ ಇದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ.

ನನಗೆ ಈ ವಿಷಯದಲ್ಲಿ ಸ್ವಲ್ಪ ತವರಿನ ಜಂಬ. ನಮ್ಮ ಕಡೆ ಅಡಿಕೆ ತೋಟದ ನೆರಳಲ್ಲೇ ಕೋಕೋ ಬೆಳೆಯುತ್ತಾರೆ. ಪುತ್ತೂರಿನಲ್ಲಿ ಕ್ಯಾಂಪ್ಕೊದ ಚಾಕಲೇಟ್ ಕಾರ್ಖಾನೆ 1986ರಿಂದ ಇದೆ. ಚಿಕ್ಕವರಿದ್ದಾಗ ನಾವು ಕೋಕೋ ಕಾಯಿ ಒಡೆದು ಬೀಜದ ಸುತ್ತ ಇರುವ ಬಿಳಿ ತಿರುಳನ್ನು ಚೀಪುತ್ತಿದ್ದೆವು. ಹುಳಿ ಸಿಹಿ. ಚಾಕಲೇಟಿನ ವಾಸನೆ ಅದರಲ್ಲಿ ಎಳ್ಳಷ್ಟೂ ಇರಲ್ಲ. ಮಗಳಿಗೆ ಹೇಳಿ, ನಂಬಲ್ಲ ನೋಡಿ.

ಇನ್ನೊಂದು ಮಾತು. ಮಾರ್ಷ್‌ಮೆಲೋ ಕೊಳ್ಳುವುದಾದರೆ ಹಸಿರು ಚುಕ್ಕೆ ಇದೆಯಾ ನೋಡಿ. ಬಹಳಷ್ಟರಲ್ಲಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವುದು. ಸಸ್ಯಾಹಾರಿಗಳ ಮನೆ ಮಕ್ಕಳೂ ಬರುತ್ತಾರಲ್ವಾ.

ಜಯಲಕ್ಷ್ಮೀಪುರಂ, ಮೈಸೂರು

ಹಣತೆ ಬೇಡಮ್ಮ. ನಾನು ಇಟ್ಟಿದ್ದೆ. ಎಣ್ಣೆ ಬತ್ತಿಯ ಮಸಿ ಬಟ್ಟಲಿನ ಅಡಿಗೆಲ್ಲ ಹಿಡಿಯಿತು, ತೆಳು ಸ್ಟೀಲಾದ್ದರಿಂದ ನಡುವೆ ಚಾಕಲೇಟು ಸೀದಿತು. ಸೀದ ಚಾಕಲೇಟನ್ನು ಯಾವ ಹಾಲೂ ಸರಿ ಮಾಡಲ್ಲ. ಮೇಲಾಗಿ ಹನ್ನೆರಡು ಮಕ್ಕಳು, ಲಂಗದ ಅಂಚು, ಉರಿಯುವ ದೀಪ. ಯೋಚನೆ ಮಾಡಿದರೇ ಭಯ.

ಚಪಾತಿ ಇಡುವ ಹಾಟ್ ಬಾಕ್ಸ್ ಇದೆ ಅಲ್ವಾ? ಅದರೊಳಗೆ ಕೈ ಸುಡದಷ್ಟು ಬಿಸಿ ನೀರು ಹಾಕಿ, ಅದರಲ್ಲಿ ಪಿಂಗಾಣಿ ಬಟ್ಟಲು ಕೂರಿಸಿ. ನೀರು ಬಟ್ಟಲಿನ ಅರ್ಧಕ್ಕಿಂತ ಕೆಳಗಿರಲಿ. ನಮ್ಮ ಮನೆಯಲ್ಲಿ ಮುಕ್ಕಾಲು ಗಂಟೆ ಆರಾಮಾಗಿ ತೆಳ್ಳಗೇ ಇತ್ತು. ಗಟ್ಟಿಯಾದರೆ ಎರಡು ಚಮಚ ಬಿಸಿ ಹಾಲು. ಕ್ರೀಮ್ ಇರುವುದರಿಂದ ಈಗ ಹಾಲು ಹಾಕಿದರೆ ಮುದ್ದೆಯಾಗಲ್ಲ.

ಎಂಜಲಿನ ವಿಷಯಕ್ಕೆ ಬರೋಣ. ನಿಮ್ಮ ಅತ್ತೆಯವರ ಪಕ್ಷ ನಾನು. ಮಕ್ಕಳು ಕಚ್ಚಿ ಅದ್ದುತ್ತಾರೆ, ಮತ್ತೆ ಕಚ್ಚಿ ಅದ್ದುತ್ತಾರೆ, ಒಬ್ಬನಿಗೆ ನೆಗಡಿ ಇದ್ದೇ ಇರುತ್ತದೆ. ನಾವು ಮಾಡಿದ್ದು ಹೀಗೆ. ದೊಡ್ಡ ಬಟ್ಟಲು ನಡುವೆ, ಅದಕ್ಕೊಂದು ಸೌಟು. ಪ್ರತಿ ಮಗುವಿಗೂ ಪಾಯಸದ ಪುಟ್ಟ ಸ್ಟೀಲ್ ಬಟ್ಟಲು. ಪಂಕ್ತಿಯಲ್ಲಿ ತುಪ್ಪ ಬಡಿಸಿದ ಹಾಗೆ ದೊಡ್ಡವರೊಬ್ಬರು ಬಡಿಸುತ್ತಾ ಹೋಗುವುದು. ಅವರವರ ಬಟ್ಟಲು, ಅವರವರ ಎಂಜಲು. ಮೊದಲು ಬಟ್ಟಲಿಗೆ ಬಿಸಿ ನೀರು ಹುಯ್ದು, ಚೆನ್ನಾಗಿ ಒರೆಸಿ ಇಟ್ಟುಕೊಂಡರೆ ಚಾಕಲೇಟು ಬೇಗ ಹೆಪ್ಪುಗಟ್ಟಲ್ಲ. ಆ ಬಡಿಸುವ ಕೆಲಸವನ್ನು ಅತ್ತೆಯವರಿಗೇ ಕೊಟ್ಟು ನೋಡಿ.

ಮಂಡ್ಯ, ಹಾಸ್ಟೆಲ್ ಹುಡುಗ

ನಾವು ರೂಮಲ್ಲಿ ಕೆಟಲ್ ನೀರು, ಎರಡು ಲೋಟ, ಹತ್ತು ರೂಪಾಯಿಯ ಚಾಕಲೇಟ್‌ಗಳು, ಬ್ರೆಡ್ ತುಂಡು ಇಟ್ಕೊಂಡು ಮಾಡಿದ್ದೇವೆ. ಎಂಜಲು ಅನ್ನೋ ಪದ ಯಾರ ಬಾಯಲ್ಲೂ ಬರಲಿಲ್ಲ.

ಸರಸ್ವತಿಪುರಂ, ಮೈಸೂರು

ಮೇಲೆ ಎಲ್ಲರೂ ಪ್ಯಾಕೆಟ್ ಕ್ರೀಮ್ ಅಂತಿದ್ದೀರಿ. ಮನೆಯ ಹಾಲಿನ ಕೆನೆ ಯಾಕಾಗಬಾರದು? ನಾನು ಅದರಲ್ಲೇ ಮಾಡುತ್ತೇನೆ, ರುಚಿ ಒಂದು ಕೈ ಮೇಲೇ ಇರುತ್ತದೆ.

ಮಂಡ್ಯದ ಕೇಕ್‌ನವಳು

ರುಚಿ ಸರಿ, ಒಪ್ಪುತ್ತೇನೆ. ಆದರೆ ಕಾಸಿದ ಹಾಲಿನ ಕೆನೆಯಲ್ಲಿ ಪದರ ಪದರ ಇರುತ್ತದೆ, ಅದು ಕರಗಲ್ಲ. ಬಾಯಿಗೆ ಚೂರು ಚೂರು ಸಿಗುತ್ತದೆ. ಮಿಕ್ಸಿಗೆ ಹಾಕಿದರೆ ಬೆಣ್ಣೆ ಬಂದುಬಿಡುವ ಅಪಾಯ ಬೇರೆ. ನಾಲ್ಕು ದಿನ ಕೂಡಿಟ್ಟ ಕೆನೆಯಂತೂ ಹುಳಿ ವಾಸನೆ. ಪ್ಯಾಕೆಟ್ ಕ್ರೀಮ್ ಸಿಗದಿದ್ದರೆ 200 ಗ್ರಾಂ ಚಾಕಲೇಟಿಗೆ 100 ಎಂಎಲ್ ಗಟ್ಟಿ ಹಾಲು, ಒಂದು ದೊಡ್ಡ ಚಮಚ ಬೆಣ್ಣೆ. ಕೆನೆಗಿಂತ ಇದೇ ವಾಸಿ.

ಸರಸ್ವತಿಪುರಂ

ನಾನು ಸೋಸುತ್ತೇನೆ. ನನ್ನದರಲ್ಲಿ ಚೂರು ಸಿಗಲ್ಲ. ಇರಲಿ ಬಿಡಿ.

ನಿವೃತ್ತರು, ಒಂಟಿಕೊಪ್ಪಲು

ಮಗ ಜ್ಯೂರಿಚ್‌ನಲ್ಲಿದ್ದಾನೆ. ಅಲ್ಲಿ ಹೋದಾಗ ಫಾಂಡ್ಯೂ ಕೊಡಿಸಪ್ಪ ಅಂದರೆ ಚೀಸ್ ತಂದಿಟ್ಟ. ಸ್ವಿಟ್ಜರ್ಲೆಂಡಿನ ಅಸಲಿ ಫಾಂಡ್ಯೂ ಅದೇ. ಕರಗಿದ ಚೀಸಿಗೆ ಬ್ರೆಡ್ ಅದ್ದುವುದು. ಫ್ರೆಂಚ್‌ನಲ್ಲಿ ಆ ಪದಕ್ಕೆ ಕರಗಿದ್ದು ಅಂತ ಅರ್ಥ. ಚಾಕಲೇಟಿನದು ಹುಟ್ಟಿದ್ದು ಅಮೆರಿಕದಲ್ಲಿ. 1960ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಕೊನ್ರಾಡ್ ಎಗ್ಲಿ ಅನ್ನುವ ಸ್ವಿಸ್ ಹೋಟೆಲಿಗ ಶುರು ಮಾಡಿದ್ದು. ನಾನು ಹೇಳಲು ಬಂದಿದ್ದು ಬೇರೆ. ಸ್ವಿಟ್ಜರ್ಲೆಂಡಿನಲ್ಲಿ ಯಾರ ಬ್ರೆಡ್ ತುಂಡು ಪಾತ್ರೆಗೆ ಬೀಳುತ್ತದೋ ಅವರಿಗೆ ಏನಾದರೂ ದಂಡ. ನನ್ನದು ಎರಡು ಸಲ ಬಿತ್ತು, ಎರಡು ಸಲವೂ ಹಾಡಿಸಿದರು. ಮಕ್ಕಳಿಗೆ ಒಳ್ಳೆ ಆಟವಾಗುತ್ತದೆ, ನೋಡಿ.

ದೇವರಾಜ ಮಾರುಕಟ್ಟೆಯ ಹತ್ತಿರದ ಮನೆಯವಳು, ಮೈಸೂರು

ಅದ್ದುವುದರ ಬಗ್ಗೆ ಯಾರೂ ಸರಿಯಾಗಿ ಹೇಳಿಲ್ಲ. ಪಾತ್ರೆಗಿಂತ ಅದು ಮುಖ್ಯ.

ಬಾಳೆಹಣ್ಣಿನಲ್ಲಿ ಏಲಕ್ಕಿ ಬಾಳೆ, ಅದೂ ಸ್ವಲ್ಪ ಗಟ್ಟಿ ಇರುವಾಗಲೇ. ನಂಜನಗೂಡು ರಸಬಾಳೆ ಸಿಕ್ಕಿದರೆ ದಯವಿಟ್ಟು ಹಾಗೇ ತಿನ್ನಿ. ಅದು ಮೆತ್ತಗಾದ್ದರಿಂದ ಕಡ್ಡಿಯಲ್ಲಿ ನಿಲ್ಲಲ್ಲ ಅನ್ನೋದು ಒಂದು, ಅಂಥ ಪರಿಮಳದ ಹಣ್ಣನ್ನು ಚಾಕಲೇಟಿನಲ್ಲಿ ಮುಳುಗಿಸುವುದು ಅನ್ಯಾಯ ಅನ್ನೋದು ಇನ್ನೊಂದು. ಕಿತ್ತಳೆ ತೊಳೆ ತುಂಬಾ ಚೆನ್ನ, ಸಿಪ್ಪೆ ನಾರು ತೆಗೆದು ಅರ್ಧ ಗಂಟೆ ಗಾಳಿಗೆ ಆರಲು ಬಿಡಿ. ಅನಾನಸನ್ನು ಬಟ್ಟೆಯಲ್ಲಿ ಒತ್ತಿ ಒರೆಸಬೇಕು. ಕಲ್ಲಂಗಡಿ ಬೇಡವೇ ಬೇಡ, ಚಾಕಲೇಟು ಜಾರಿ ತಟ್ಟೆಗೆ ಬೀಳುತ್ತದೆ. ಸೇಬು ಕಪ್ಪಾಗದಂತೆ ನಿಂಬೆ ನೀರಿಗೆ ಹಾಕಿದರೆ ಆಮೇಲೆ ಒರೆಸಲು ಮರೆಯಬೇಡಿ. ಯಾವ ಹಣ್ಣೂ ಫ್ರಿಜ್ಜಿನಿಂದ ನೇರವಾಗಿ ಬರಬಾರದು. ತಣ್ಣಗಿನ ಹಣ್ಣು ಬೆವರುತ್ತದೆ.

ಹಣ್ಣಿಗಿಂತ ಖಾಲಿಯಾಗುವುದು ಉಪ್ಪಿನ ತಿಂಡಿ! ಬೇಕರಿಯ ಖಾರ ಇಲ್ಲದ ಉಪ್ಪು ಬಿಸ್ಕತ್ತು, ರಸ್ಕು, ಸ್ಪಾಂಜ್ ಕೇಕಿನ ತುಂಡು. ಕೋಡುಬಳೆ ಅದ್ದಿ ನೋಡಿ, ನಗಬೇಡಿ. ಖಾರ, ಉಪ್ಪು, ಚಾಕಲೇಟು ಮೂರೂ ಸೇರಿ ಒಂದು ಥರಾ ಚಟ ಹಿಡಿಸುತ್ತದೆ. ಮೈಸೂರು ಪಾಕನ್ನೂ ನಾನು ಅದ್ದಿದ್ದೇನೆ. ತುಪ್ಪದ ಮೇಲೆ ಕೊಬ್ಬು, ಸಿಹಿಯ ಮೇಲೆ ಸಿಹಿ. ಎರಡನೇ ತುಂಡು ತಿನ್ನೋಕಾಗಲಿಲ್ಲ. ಮದ್ದೂರು ವಡೆಯನ್ನು ನನ್ನ ತಮ್ಮ ಅದ್ದಿದ. ಈರುಳ್ಳಿ ಮತ್ತು ಚಾಕಲೇಟು. ಅದರ ಬಗ್ಗೆ ಮಾತಾಡುವುದು ಬೇಡ.

ಕಡ್ಡಿಗೆ ಟೂತ್‌ಪಿಕ್ ಬೇಡ, ಮುರಿದು ಒಳಗೆ ಬೀಳುತ್ತದೆ. ಬಿದಿರು ಕಡ್ಡಿಯ ಚೂಪು ತುದಿ ಕತ್ತರಿಸಿ ಕೊಡಿ, ಅಥವಾ ಹಣ್ಣು ತಿನ್ನುವ ಪುಟ್ಟ ಫೋರ್ಕ್. ದ್ರಾಕ್ಷಿಯನ್ನು ತೀರ ಚಿಕ್ಕ ಮಕ್ಕಳಿಗೆ ಉದ್ದುದ್ದ ಸೀಳಿ ಕೊಡಬೇಕು, ಇಡೀ ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಮನೆಯಲ್ಲಿ ನಾಯಿ ಇದ್ದರೆ ಆ ಹೊತ್ತು ಕಟ್ಟಿಹಾಕಿ. ಚಾಕಲೇಟು ನಾಯಿಗೆ ವಿಷ, ಡಾರ್ಕ್ ಆದರಂತೂ ಇನ್ನೂ ಜಾಸ್ತಿ.

ಕೇಳಿದವರು, ಸೋಮವಾರ

ಆಯಿತು. ಎಲ್ಲರಿಗೂ ಸುದ್ದಿ ಹೇಳಬೇಕಲ್ವಾ.

ಅರ್ಧ ಡಾರ್ಕ್, ಅರ್ಧ ಮಿಲ್ಕ್, 400 ಗ್ರಾಂಗೆ ಕ್ರೀಮ್ 220 ಎಂಎಲ್ ಹಾಕಿದೆ. ಸುರಿದು ಮೂರು ನಿಮಿಷ ಕೈ ಕಟ್ಟಿಕೊಂಡು ನಿಂತೆ. ಹೊಳಪು ಬಂತು! ಹಾಟ್ ಬಾಕ್ಸಿನಲ್ಲಿ ಸುಮಾರು ಅರ್ಧ ಗಂಟೆ ಚೆನ್ನಾಗಿತ್ತು, ಆಮೇಲೆ ಒಂದು ಸಲ ನೀರು ಬದಲಾಯಿಸಿದೆ. ಬಹುಶಃ ನಮ್ಮ ಹಾಟ್ ಬಾಕ್ಸ್ ಹಳೆಯದು.

ಬಡಿಸಲು ಅತ್ತೆ ಒಪ್ಪಲಿಲ್ಲ. "ನಿಮ್ಮ ಕಾಲದ ತಿಂಡಿ, ನೀವೇ ಬಡಿಸಿಕೊಳ್ಳಿ" ಅಂದರು. ಆದರೆ ಬಟ್ಟಲು ಎಣಿಸಿ ಇಟ್ಟವರು ಅವರೇ. ಒಬ್ಬ ಹುಡುಗ ದೊಡ್ಡ ಬಟ್ಟಲಿಗೇ ಕಚ್ಚಿದ ರಸ್ಕು ತಂದಾಗ ದೂರದಿಂದಲೇ ಕೂಗಿ ತಡೆದವರೂ ಅವರೇ. ತಾವು ಮಾತ್ರ ರುಚಿ ನೋಡಲಿಲ್ಲ.

ಸೇಬು ಯಾರೂ ಮುಟ್ಟಲಿಲ್ಲ. ಕೋಡುಬಳೆ ಮೊದಲು ಮುಗಿಯಿತು. ದಂಡಕ್ಕೆ ಹಾಡಬೇಕು ಅಂದದ್ದೇ ತಪ್ಪಾಯಿತು, ಹಾಡುವ ಆಸೆಗೆ ಮಕ್ಕಳು ಬೇಕೆಂದೇ ಬೀಳಿಸತೊಡಗಿದರು. ಈಗ ಒಂದು ಬಟ್ಟಲು ಚಾಕಲೇಟು ಮಿಕ್ಕಿದೆ, ಫ್ರಿಜ್ಜಿನಲ್ಲಿ ಕಲ್ಲಾಗಿ ಕೂತಿದೆ. ಎಷ್ಟು ದಿನ ಇಡಬಹುದು?

ಮಂಡ್ಯದ ಕೇಕ್‌ನವಳು

ಯಾರೂ ಕಡ್ಡಿ ಅದ್ದದ ದೊಡ್ಡ ಬಟ್ಟಲಿನದಾದರೆ ಮೂರು ದಿನ. ಕ್ರೀಮ್ ಇದೆ, ಅದಕ್ಕಿಂತ ಜಾಸ್ತಿ ಬೇಡ. ಚಮಚದಲ್ಲಿ ಕೆರೆದು ಬಿಸಿ ಹಾಲಿಗೆ ಹಾಕಿ ಕುಡಿಯಲು ಕೊಡಿ. ಅಥವಾ ಉಳಿದ ರಸ್ಕನ್ನು ಪುಡಿ ಮಾಡಿ ಕಲಸಿ ಉಂಡೆ ಕಟ್ಟಿ, ಕೈಗೆ ಸ್ವಲ್ಪ ತುಪ್ಪ ಸವರಿಕೊಳ್ಳಿ. ಉಂಡೆಯಾದರೆ ಅತ್ತೆಯವರೂ ತಿನ್ನಬಹುದು.