ಸೋನಾ ಮಸೂರಿ ಅನ್ನ: ಮೇಲೆ ಮುದ್ದೆ, ತಳ ಕಪ್ಪು. ಏನ್ ಮಾಡೋದು?

ಜಯನಗರ_ಅಡುಗೆ:
ಮೂರು ವಾರದಿಂದ ಇದೇ ಗೋಳು. ಅಕ್ಕಿ ತೊಳೆದು, ಒಂದಕ್ಕೆ ಎರಡೂವರೆ ನೀರಿಟ್ಟು, ಕುದಿ ಬಂದ್ಮೇಲೆ ಉರಿ ಸಣ್ಣ ಮಾಡಿ ಮುಚ್ತೀನಿ. ತೆಗೆದು ನೋಡಿದ್ರೆ ಮೇಲೆ ಮುದ್ದೆ, ತಳ ಹತ್ತಿ ಕಪ್ಪು. ಚಿತ್ರಾನ್ನ ಕಲಸೋಕೇ ಆಗಲ್ಲ. ಮುಂಚೆ ಇದೇ ಅಳತೆಗೆ ಅಗುಳು ಅಗುಳಾಗಿ ಬರ್ತಿತ್ತು. ಸೋನಾ ಮಸೂರಿನೇ, ಲೋಟನೂ ಅದೇ. ಕುಕ್ಕರ್‌ನಲ್ಲಿ ಇಡಿ ಅಂತ ದಯವಿಟ್ಟು ಹೇಳ್ಬೇಡಿ.

ಹಳೇಅಕ್ಕಿ:
ಹೊಸ ಅಕ್ಕಿ ಸರ್, ಇನ್ನೇನೂ ಅಲ್ಲ. ವರ್ಷ ಕೂತ ಅಕ್ಕಿ ಗಡಸಾಗಿರುತ್ತೆ, ನೀರು ಜಾಸ್ತಿ ಕುಡಿಯುತ್ತೆ, ಗಂಜಿ ಕಡಿಮೆ ಬಿಡುತ್ತೆ. ಹೊಸದಕ್ಕೆ ಒಂದೂಮುಕ್ಕಾಲು ನೀರು ಸಾಕು.

ಜಯನಗರ_ಅಡುಗೆ:
ಚೀಲದ ಮೇಲೆ ಒಂದು ವರ್ಷ ಹಳೇದು ಅಂತ ಇದೆಯಲ್ಲ.

ಹಳೇಅಕ್ಕಿ:
ಚೀಲ ನಂಬಬೇಡಿ. ಹೊಸದೇ ಅದು.

ಎಸರು97:
ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತೆ. ತೆರೆದ ಪಾತ್ರೇಲಿ ಹದ ಸಿಗದೇ ಇರೋದು ಅದಕ್ಕೇ.

ತಪ್ಪಲೆ:
ಮೂರು ಡಿಗ್ರಿಗೆ ಅನ್ನ ಮುದ್ದೆ ಆಗಲ್ಲ. ಅಕ್ಕಿಯ ಪಿಷ್ಟ 80 ಡಿಗ್ರಿ ಒಳಗೇ ಬೇಯೋಕೆ ಶುರುವಾಗುತ್ತೆ. ಎತ್ತರದಿಂದ ಒಂದೆರಡು ನಿಮಿಷ ತಡ ಆಗಬಹುದು. ಇವರದ್ದು ಬೇಯದೇ ಇರೋ ತೊಂದರೆ ಅಲ್ಲ, ಅತಿಯಾಗಿ ಬೆಂದಿರೋದು.

ಗಂಜಿಪ್ರಿಯ:
ಬಸಿದ್ರೆ ಈ ಅಳತೆ ತಲೆನೋವೇ ಇಲ್ಲ. ಒಂದಕ್ಕೆ ಆರು ಲೋಟ ನೀರು ಎಸರಿಟ್ಟು, ಮರಳಿದ್ಮೇಲೆ ಅಕ್ಕಿ ಹಾಕಿ. ಅಗುಳು ಹಿಸುಕಿದಾಗ ನಡುವೆ ಚುಕ್ಕಿಯಷ್ಟು ಗಟ್ಟಿ ಉಳಿದಿದ್ರೆ ಬಸಿಯೋ ಹೊತ್ತು. ಬಸಿದು ಮತ್ತೆ ಸಣ್ಣ ಉರೀಲಿ 3 ನಿಮಿಷ.

ಎಸರು97:
ಸತ್ವ ಎಲ್ಲ ಗಂಜೀಲಿ ಹೋಗುತ್ತೆ.

ಗಂಜಿಪ್ರಿಯ:
ಗಂಜಿ ಚೆಲ್ಲಿ ಅಂತ ಯಾರು ಹೇಳಿದ್ರು? ಉಪ್ಪು, ಮಜ್ಜಿಗೆ ಬೆರೆಸಿ ಕುಡೀರಿ. ಸಾರಿಗೂ ಹಾಕಬಹುದು.

ತಪ್ಪಲೆ:
ಅದು ಆಮೇಲೆ. ಜಯನಗರದವರೇ, ನೀವು ಹೇಳದೇ ಬಿಟ್ಟಿರೋದೇ ಮುಖ್ಯ. ಅಕ್ಕಿ ರಾ ರೈಸಾ, ಸ್ಟೀಮ್ ರೈಸಾ? ಪಾತ್ರೆ ಎಂಥದ್ದು? ಯಾವ ಬರ್ನರ್?

ಜಯನಗರ_ಅಡುಗೆ:
ಈ ಚೀಲ ರಾ. ಮುಂಚೆ ತರ್ತಿದ್ದಿದ್ದು ಸ್ಟೀಮ್. ಎರಡೂ ಸೋನಾ ಮಸೂರಿನೇ ತಾನೆ? ತೆಳು ಸ್ಟೀಲ್ ಪಾತ್ರೆ, ದೊಡ್ಡ ಬರ್ನರ್.

ತಪ್ಪಲೆ:
ಸಿಕ್ತು. ಸ್ಟೀಮ್ ಅಂದ್ರೆ ಗಿರಣೀಲಿ ಭತ್ತಕ್ಕೇ ಹಬೆ ಕೊಟ್ಟು, ಒಣಗಿಸಿ, ಆಮೇಲೆ ಅಕ್ಕಿ ಮಾಡಿರ್ತಾರೆ. ಕಾಳು ಗಡಸು, ಎರಡೂವರೆ ನೀರು ತಡ್ಕೊಳ್ಳುತ್ತೆ. ಹಬೆ ಕೊಡದ ರಾ ಅಕ್ಕಿಗೆ ಅಷ್ಟು ನೀರು ಕೊಟ್ರೆ ಅಗುಳು ಒಡೆದು ಪಿಷ್ಟ ಹೊರಗೆ ಬಂದು ಗಂಜಿ ಗಟ್ಟಿಯಾಗುತ್ತೆ. ಆ ಗಟ್ಟಿ ಗಂಜಿ ತಳದಲ್ಲಿ ಅಲುಗಾಡದೆ ಕೂರುತ್ತೆ. ತೆಳು ಸ್ಟೀಲು ಬೆಂಕಿ ಬಿದ್ದ ಜಾಗದಲ್ಲೇ ಕಾಯೋದ್ರಿಂದ ಅಲ್ಲೇ ಸೀಯುತ್ತೆ. ಹಾಗಾಗಿ ನೀರು ಕಮ್ಮಿ ಮಾಡಿದ್ರಷ್ಟೇ ಸಾಲದು, ಉರಿನೂ ಸರಿ ಮಾಡ್ಬೇಕು.

ನಾಲ್ಕು ಸಲ ತೊಳೆದು 20 ನಿಮಿಷ ನೆನೆಸಿ, ನೀರು ಪೂರ್ತಿ ಸೋಸಿ. ನೆನೆಯೋಕೆ ಮುಂಚಿನ ಅಳತೆಗೆ ಲೋಟಕ್ಕೆ ಒಂದೂಮುಕ್ಕಾಲು ನೀರು, ನೆನೆಸದಿದ್ರೆ ಎರಡು. ಎಸರು ಮರಳಿದ್ಮೇಲೆ ಅಕ್ಕಿ ಹಾಕಿ ಒಂದೇ ಸಲ ಕೆದಕಿ. ಮತ್ತೆ ಮತ್ತೆ ಸೌಟಾಡಿಸಿದ್ರೆ ಅಗುಳು ಮುರಿದು ಅಂಟುತ್ತೆ. ನೀರು ಅಕ್ಕಿ ಮಟ್ಟಕ್ಕಿಳಿದು ಮೇಲೆ ಸಣ್ಣ ತೂತುಗಳು ಕಂಡಾಗ ಮುಚ್ಚಿ, ಚಿಕ್ಕ ಬರ್ನರ್ ಮೇಲೆ ಮೊದಲೇ ಕಾದ ಹಳೇ ದೋಸೆ ತವಾ ಇಟ್ಟು ಅದರ ಮೇಲೆ ಪಾತ್ರೆ ಕೂರಿಸಿ. ಸಣ್ಣ ಉರಿ, 10 ನಿಮಿಷ. ಆರಿಸಿದ ಮೇಲೂ 10 ನಿಮಿಷ ಮುಚ್ಚಳ ಮುಟ್ಟಬೇಡಿ, ಮೇಲಿನ ತೇವ ಒಳಗೆ ಇಳೀಬೇಕು. ಚಿತ್ರಾನ್ನಕ್ಕಾದ್ರೆ ಅಗಲ ತಟ್ಟೇಲಿ ಹರಡಿ, ತಣ್ಣಗಾದ್ಮೇಲೇ ಒಗ್ಗರಣೆಗೆ ಹಾಕಿ.

ಹಳೇಅಕ್ಕಿ:
ಕಂಚಿನ ಪಾತ್ರೆ ಇದ್ರೆ ತವಾನೇ ಬೇಡ. ನಮ್ಮದು ಮೂರು ಕೆಜಿ ತೂಕ, ತಳ ಒಂದು ಸಲನೂ ಹತ್ತಿಲ್ಲ.

ಎಸರು97:
ಕಲಾಯಿ ಎಲ್ಲಿ ಹಾಕಿಸ್ತೀರಿ?

ಹಳೇಅಕ್ಕಿ:
ಕಲಾಯಿ ಬೇಕಿರೋದು ಹಿತ್ತಾಳೆಗೆ, ತಾಮ್ರಕ್ಕೆ. ಕಂಚಲ್ಲಿ ಅನ್ನ ಹಾಗೇ ಮಾಡಬಹುದು, ಹುಳಿ ಮಾತ್ರ ಬೇಡ.

ಜಯನಗರ_ಅಡುಗೆ:
ನೆನೆಸಿ, ತವಾ ಇಟ್ಟು ಮಾಡಿದೆ. ತಳ ಬೆಳ್ಳಗಿದೆ, ಅಗುಳು ಬಿಡಿಬಿಡಿ. ತುಂಬಾ ಥ್ಯಾಂಕ್ಸ್. ಭಾನುವಾರ 5 ಲೋಟ ಅಕ್ಕಿ ಹಾಕ್ಬೇಕು, ಹಾಗಾದ್ರೆ ನೀರು ಎಂಟೂಮುಕ್ಕಾಲಾ?

ತಪ್ಪಲೆ:
ಬೇಡ, ಜಾಸ್ತಿಯಾಗುತ್ತೆ. ಅಕ್ಕಿ ಐದು ಪಟ್ಟಾದ್ರೂ ಆವಿಯಾಗೋ ನೀರು ಐದು ಪಟ್ಟಾಗಲ್ಲ. 8 ಲೋಟ ಇಡಿ. ಒಂದೇ ಪಾತ್ರೇಲಿ ತುಂಬಿದ್ರೆ ಮೇಲಿನ ಭಾರಕ್ಕೆ ಕೆಳಗಿನ ಅನ್ನ ಅಮುಕಿಕೊಳ್ಳುತ್ತೆ, ಅದಕ್ಕೆ ಎರಡು ಪಾತ್ರೇಲಿ ಹಂಚಿ.

ಗಂಜಿಪ್ರಿಯ:
5 ಲೋಟಕ್ಕೆ ಬಸಿಯೋದೇ ಸರಿ. ಒಂದೇ ದೊಡ್ಡ ಪಾತ್ರೆ ಸಾಕು.