ಕಲಾವಿದರ ಸ್ಟುಡಿಯೋದಲ್ಲಿ ಪೋರ್ಟ್ರೇಟ್: ಮುಖ ಹಸಿರು, ಕ್ಯಾನ್ವಾಸ್ ಮೇಲೆ ಹೊಳಪು

ನೆರಳುಬೆಳಕು (ಪ್ರಶ್ನೆ ಕೇಳಿದವರು):
ಚಿತ್ರಕಲಾವಿದೆಯೊಬ್ಬರ ಪೋರ್ಟ್ರೇಟ್ ಅವರ ಸ್ಟುಡಿಯೋದಲ್ಲೇ ತೆಗೆಯಬೇಕು. ಕೋಣೆ 12×14 ಅಡಿ, ಎಡಕ್ಕೆ ಕಿಟಕಿ, ಮೇಲೆ ಟ್ಯೂಬ್‌ಲೈಟ್. ಫುಲ್ ಫ್ರೇಮ್ ಕ್ಯಾಮೆರಾ, 24-70 ಎಂಎಂ ಜೂಮ್ ಲೆನ್ಸ್. ಟ್ರಯಲ್‌ನಲ್ಲಿ ಮುಖದ ಬಲಭಾಗ ಹಸಿರು, ಹಿಂದಿನ ತೈಲಚಿತ್ರದ ಮೇಲೆ ಬಿಳಿ ಹೊಳಪು. ಏನು ಬದಲಿಸಲಿ?

ಮೂರುಕಾಲು (ಉತ್ತರ):
ಮೊದಲು ಟ್ಯೂಬ್‌ಲೈಟ್ ಆರಿಸಿ. ಎರಡು ಬಣ್ಣದ ಬೆಳಕು ಬೆರೆತರೆ ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೈಲ್) ಕೂಡ ಕಾಪಾಡದು. ಮುಖಕ್ಕೆ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ) ಕೂರಿಸಿದರೆ ಕ್ಯಾನ್ವಾಸಿನ ಬಣ್ಣ ಕೆಡುತ್ತದೆ. ಕಿಟಕಿ ಬೆಳಕೊಂದೇ ಇಟ್ಟುಕೊಂಡು, ಗ್ರೇ ಕಾರ್ಡ್ (ಬಣ್ಣ ಸರಿಹೊಂದಿಸಲು ಬಳಸುವ ಬೂದು ಹಲಗೆ) ಹಿಡಿಸಿ ಒಂದು ಫ್ರೇಮ್ ತೆಗೆಯಿರಿ. ನೆರಳಿನ ಕಡೆ ಬಿಳಿ ಪ್ರೈಮರ್ ಬಳಿದ ಖಾಲಿ ಕ್ಯಾನ್ವಾಸನ್ನು ಮೂರಡಿ ದೂರದಲ್ಲಿ, ಫ್ರೇಮಿನ ಆಚೆ ನಿಲ್ಲಿಸಿದರೆ ರಿಫ್ಲೆಕ್ಟರ್ ಬೇಕಿಲ್ಲ. ಆದರೆ ಅಲ್ಲಿ ಕೆಂಪು ಚಿತ್ರವಿದ್ದರೆ ಕೆನ್ನೆಯೂ ಕೆಂಪಾಗುತ್ತದೆ.

ಫ್ರೇಮಿನೊಳಗೆ ಬಿಳಿ ಕ್ಯಾನ್ವಾಸ್ ಇದ್ದರೆ ಕ್ಯಾಮೆರಾದ ಬೆಳಕಿನ ಮೀಟರ್ ಮೋಸಹೋಗಿ ಮುಖ ಕಪ್ಪಾಗುತ್ತದೆ. ಸ್ಪಾಟ್ ಮೀಟರಿಂಗ್ (ಸಣ್ಣ ಜಾಗವನ್ನಷ್ಟೇ ಅಳೆಯುವ ಆಯ್ಕೆ) ಹಾಕಿ ಮುಖದ ಮೇಲೆ ಅಳೆಯಿರಿ. ಲೆನ್ಸಿನ ತೆರಪು ಎಫ್/5.6, ಶಟರ್ 1/125 ಸೆಕೆಂಡು, ಸಂವೇದನೆ ಐಎಸ್‌ಒ 1600ರಿಂದ ಶುರುಮಾಡಿ. ಎಫ್/1.8ರ ಬೇರೆ ಲೆನ್ಸ್ ಬೇಡ, ಹಿನ್ನೆಲೆ ಪೂರ್ತಿ ಕರಗಿಹೋಗುವುದಾದರೆ ಸ್ಟುಡಿಯೋಗೆ ಹೋಗುವ ಅಗತ್ಯವೇನಿದೆ!

ವಾರ್ನಿಶ್:
ಹೊಳಪಿಗೆ: ಚಿಕ್ಕ ಕನ್ನಡಿಯೊಂದನ್ನು ಚಿತ್ರದ ಮುಂದೆ ಅದಕ್ಕೆ ಸಮಾನಾಂತರವಾಗಿ ಹಿಡಿಸಿ, ಮೇಲ್ಮೈಯುದ್ದಕ್ಕೂ ಸರಿಸುತ್ತಾ ಹೋಗಲು ಹೇಳಿ (ಬಣ್ಣಕ್ಕೆ ತಾಗದಿರಲಿ). ಕ್ಯಾಮೆರಾ ಇರುವ ಜಾಗದಿಂದ ಎಲ್ಲೆಲ್ಲಿ ಕಿಟಕಿ ಕಾಣುತ್ತದೋ ಅಲ್ಲೆಲ್ಲ ಹೊಳಪು ಬರುತ್ತದೆ. ಈಸೆಲನ್ನು (ಚಿತ್ರ ನಿಲ್ಲಿಸುವ ಸ್ಟ್ಯಾಂಡ್) ಹತ್ತು ಹದಿನೈದು ಡಿಗ್ರಿ ತಿರುಗಿಸಿದರೆ ಸಾಮಾನ್ಯವಾಗಿ ಸಾಕು. ಹಿಂದಕ್ಕೆ ವಾಲಿದ ಕ್ಯಾನ್ವಾಸ್ ಮೇಲಿನಿಂದ ಬರುವ ಬೆಳಕನ್ನೂ ಹಿಡಿಯುತ್ತದೆ, ಅದನ್ನು ನೆಟ್ಟಗೆ ನಿಲ್ಲಿಸಿ. ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧವಾಗುವುದು), ನೇರ ಎದುರಿನಿಂದ ತೆಗೆದರೆ ಅಷ್ಟೇನೂ ಉಪಯೋಗವಿಲ್ಲ. ಬಣ್ಣ ದಪ್ಪಗೆ ಮೆತ್ತಿದ ಚಿತ್ರವಾದರೆ ಉಬ್ಬುಗಳ ಸಣ್ಣ ಮಿಂಚು ಉಳಿದೇ ಉಳಿಯುತ್ತದೆ. ಉಳಿಯಲಿ ಬಿಡಿ, ತೈಲವರ್ಣ ಇರುವುದೇ ಹಾಗೆ.

ಅಗಲಕೋನ:
24 ಎಂಎಂನಲ್ಲಿ ಮುಖ ಅಂಚಿಗೆ ಬಂದರೆ ತಲೆ ಎಳೆದಂತಾಗುತ್ತದೆ. 35ಕ್ಕೆ ಇಟ್ಟು ಬಾಗಿಲಲ್ಲಿ ನಿಂತು ತೆಗೆಯಿರಿ. ಬ್ರಷ್ ಹಿಡಿದ ಕೈ ಲೆನ್ಸಿನತ್ತ ಚಾಚಿದ್ದರೆ ಮುಖಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಅದು ಪಕ್ಕಕ್ಕಿರಲಿ.

1/125 ಎಲ್ಲ ಕಡೆಗೂ ಸರಿ ಅನ್ನಲಾರೆ. 1950ರಲ್ಲಿ ಛಾಯಾಗ್ರಾಹಕ ಹಾನ್ಸ್ ನಮೂತ್ ತೆಗೆದ, ಅಮೆರಿಕದ ಚಿತ್ರಕಲಾವಿದ ಜಾಕ್ಸನ್ ಪೊಲಾಕ್ ಫೋಟೋಗಳಲ್ಲಿ ಕೈ ಕಲೆಸಿಹೋಗಿರುವುದರಿಂದಲೇ ಕೆಲಸದ ವೇಗ ಕಾಣುತ್ತದೆ. ಟ್ರೈಪಾಡ್ ಮೇಲೆ 1/15 ಇಟ್ಟು, ನಿಜವಾಗಿ ಬಣ್ಣ ಹಚ್ಚುತ್ತಿರುವಾಗ ಹತ್ತಿಪ್ಪತ್ತು ಫ್ರೇಮ್ ತೆಗೆದರೆ ತಲೆ ಅಲುಗದೆ ಕೈ ಮಾತ್ರ ಚಲಿಸಿದ ಒಂದೆರಡಾದರೂ ಸಿಗುತ್ತವೆ. ಬ್ರಷ್ ಎತ್ತಿ ನಟಿಸಲು ಹೇಳಿದರೆ ಮಣಿಕಟ್ಟು ಬಿಗಿದಿರುವುದು ಫೋಟೋದಲ್ಲಿ ಗೊತ್ತಾಗಿಬಿಡುತ್ತದೆ.

ವಾರ್ನಿಶ್:
1/15ಕ್ಕೆ ಐಎಸ್‌ಒ 200 ಸಾಕು, ನಾಯ್ಸ್ (ಫೋಟೋದ ಕಾಳುಕಾಳು) ಕೂಡ ಇಳಿಯುತ್ತದೆ. ಇನ್ನೊಂದು: ಯಾವ ಅಪೂರ್ಣ ಚಿತ್ರ ಫ್ರೇಮಿನಲ್ಲಿ ಕಾಣಬಾರದು ಎಂದು ಅವರನ್ನು ಮೊದಲೇ ಕೇಳಿ, ಗೋಡೆಗೆ ಮುಖಮಾಡಿ ಇಡಿಸಿ.